ದೋಣಿಯ ಹೊಗೆಕೊಳವೆಯಲ್ಲಿ ನೀರಿಗೇನು ಕೆಲಸ?



ಮುಂಬಯಿಯ ಮಳೆಗಾಲದಲ್ಲಿ ಬೆಳೆದ ನಿಮಗೆ ಒಂದು ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತು, ಸ್ಕೂಟರಿನ ಸೈಲೆನ್ಸರ್ ಮುಳುಗಿತೆಂದರೆ ಗಾಡಿ ನಿಂತಿತೆಂದೇ ಲೆಕ್ಕ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಎಂಜಿನ್ನಿಗೆ ನೀರು ನುಗ್ಗಿ ಕೆಟ್ಟು ನಿಂತ ಕಾರುಗಳ ಕಥೆಯನ್ನು ಮನೆಯ ಹಿರಿಯರಿಂದ ಕೇಳಿಯೇ ಇರುತ್ತೀರಿ. ಎಂಜಿನ್ನಿಗೂ ನೀರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ ಎಂದು ನಿಮಗೆ ಅನ್ನಿಸಿದ್ದರೆ ಅದು ಸಹಜ.

ಆದರೆ ರಜೆಯಲ್ಲಿ ಗೋವಾಕ್ಕೋ, ಊರ ಕಡೆ ಹೋದಾಗ ಮಲ್ಪೆಗೋ ಹೋಗಿ ಕಡಲತೀರದಲ್ಲಿ ಗುಡುಗುಡಿಸುವ ಜೆಟ್ ಸ್ಕೀಯನ್ನು ಒಮ್ಮೆ ಗಮನಿಸಿ ನೋಡಿ. ಅದರ ಹೊಗೆಕೊಳವೆಯೊಳಗೆ ನೀರು ತಾನಾಗಿ ನುಗ್ಗಿದ್ದಲ್ಲ. ಎಂಜಿನ್ ತಯಾರಿಸಿದವರೇ ಬೇಕೆಂದು ಬಿಟ್ಟಿರುತ್ತಾರೆ. ಹೊಗೆ ಮತ್ತು ನೀರು ಎರಡೂ ಒಂದೇ ಕೊಳವೆಯಲ್ಲಿ ಕೈ ಕೈ ಹಿಡಿದು ಹೊರಬರುತ್ತವೆ. ರಸ್ತೆಯ ಗಾಡಿಯನ್ನು ಕೊಲ್ಲುವ ನೀರು ದೋಣಿಯ ಎಂಜಿನ್ನನ್ನು ಕಾಪಾಡುವುದು ಹೇಗೆ? ಅದೇ ನೀರು ಯಾವಾಗ ಅದಕ್ಕೂ ಶತ್ರುವಾಗುತ್ತದೆ? ಈ ಸಲದ ಅಂಕಣದಲ್ಲಿ ಅದನ್ನು ನೋಡೋಣ. ನಿಮ್ಮಲ್ಲಿ ಎಂಜಿನಿಯರಿಂಗ್ ಓದುತ್ತಿರುವವರು ಇದ್ದೀರಿ, ಕಾಮರ್ಸ್ ಓದುತ್ತಿರುವವರೂ ಇದ್ದೀರಿ. ಇಬ್ಬರಿಗೂ ಅರ್ಥವಾಗುವಂತೆ ಹೇಳುವ ಪ್ರಯತ್ನ ನನ್ನದು.

ನ್ಯೂಜಿಲೆಂಡಿನ ನದಿಯಿಂದ ಗಂಗೆಯವರೆಗೆ

ಮೊದಲು ಜೆಟ್ ದೋಣಿಯ ಹುಟ್ಟಿನ ಬಗ್ಗೆ ಎರಡು ಮಾತು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಗಳು ಅಗಲ ಹೆಚ್ಚು, ಆಳ ಕಡಿಮೆ. ಕಲ್ಲು ಮರಳಿನ ನಡುವೆ ಕವಲು ಕವಲಾಗಿ ಹರಿಯುವ ಆ ನೀರಿನಲ್ಲಿ ಸಾಮಾನ್ಯ ಮೋಟಾರು ದೋಣಿಯ ಪ್ರೊಪೆಲ್ಲರ್ ಕಲ್ಲಿಗೆ ಬಡಿದು ಮುರಿಯುತ್ತದೆ. ಅಲ್ಲಿ ಕುರಿ ಸಾಕಣೆಯ ಜಮೀನು ಹೊಂದಿದ್ದ ಬಿಲ್ ಹ್ಯಾಮಿಲ್ಟನ್ ಎಂಬಾತ 1950ರ ದಶಕದಲ್ಲಿ ಇದಕ್ಕೊಂದು ಉಪಾಯ ಹುಡುಕಿದ. ದೋಣಿಯ ಹೊಟ್ಟೆಯ ಕೆಳಗಿನಿಂದ ನೀರನ್ನು ಪಂಪಿನೊಳಗೆ ಎಳೆದುಕೊಂಡು, ಹಿಂಭಾಗದ ಕಿರಿದಾದ ಬಾಯಿಯಿಂದ ರಭಸವಾಗಿ ಚಿಮ್ಮಿಸುವುದು. ನೀರು ಹಿಂದಕ್ಕೆ ಹೋದರೆ ದೋಣಿ ಮುಂದಕ್ಕೆ. ಶಾಲೆಯಲ್ಲಿ ಓದಿದ ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಸವಾರಿಯಾಗಿ ಬಂತು. 1960ರಲ್ಲಿ ಹ್ಯಾಮಿಲ್ಟನ್ ಜೆಟ್ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ಕೊಲರಾಡೊ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಮೇಲೇರಿ ಜಗತ್ತಿನ ಗಮನ ಸೆಳೆದವು.

ನಮ್ಮ ದೇಶಕ್ಕೂ ಈ ದೋಣಿಯ ನಂಟಿದೆ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1977ರಲ್ಲಿ ‘ಸಾಗರದಿಂದ ಆಕಾಶಕ್ಕೆ’ ಎಂಬ ಹೆಸರಿನಲ್ಲಿ ಗಂಗಾಸಾಗರದಿಂದ ಗಂಗೆಯ ಎದುರು ಹರಿವಿನಲ್ಲಿ ಹಿಮಾಲಯದತ್ತ ಪಯಣ ಹೊರಟರು. ‘ಗಂಗಾ’, ‘ಕಿವಿ’, ‘ಏರ್ ಇಂಡಿಯಾ’ ಎಂಬ ಮೂರು ಜೆಟ್ ದೋಣಿಗಳು ಅವರ ವಾಹನ. ನಂದಪ್ರಯಾಗದ ಬಳಿ ಜಲಪಾತವೊಂದು ಅಡ್ಡ ಬಂದ ಮೇಲೆ ಮುಂದಿನ ದಾರಿ ಕಾಲ್ನಡಿಗೆಯದಾಯಿತು. ಇಂದು ನಮ್ಮ ಕೋಸ್ಟ್ ಗಾರ್ಡಿನ ಅನೇಕ ವೇಗದ ಗಸ್ತು ದೋಣಿಗಳು ಓಡುವುದೂ ನೀರಿನ ಜೆಟ್ಟಿನಿಂದಲೇ. ನೀವು ಹತ್ತಿ ಕೂರುವ ಜೆಟ್ ಸ್ಕೀ ಇದೇ ಕುಟುಂಬದ ಕಿರಿಯ ಕೂಸು.

ಬೆಂಕಿಯನ್ನು ದೋಣಿಯಿಂದ ಹೊರಗೆ ಸಾಗಿಸುವುದು

ಈಗ ಹೊಗೆಕೊಳವೆಗೆ ಬರೋಣ. ಪೆಟ್ರೋಲ್ ಸುಟ್ಟಾಗ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ಎಂಜಿನ್ನಿನ ಮೈ ಬಿಸಿ ಮಾಡುತ್ತದೆ, ಮತ್ತೊಂದು ಪಾಲು ಹೊಗೆಯ ಜೊತೆ ಹೊರಟುಹೋಗುತ್ತದೆ. ಎಂಜಿನ್ ಜೋರಾಗಿ ದುಡಿಯುವಾಗ ಆ ಹೊಗೆಯ ಉಷ್ಣತೆ 700ರಿಂದ 800 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಕಾರಿನಲ್ಲಿ ಇದು ದೊಡ್ಡ ತೊಂದರೆಯಲ್ಲ. ಕಬ್ಬಿಣದ ಕೊಳವೆ ಕಾರಿನ ಹೊಟ್ಟೆಯ ಕೆಳಗೆ ಗಾಳಿಗೆ ಮೈಯೊಡ್ಡಿ ಮಲಗಿರುತ್ತದೆ.

ದೋಣಿಯಲ್ಲಿ ಆ ಸೌಕರ್ಯವಿಲ್ಲ. ಎಂಜಿನ್ ಇರುವುದು ಫೈಬರ್ ಗ್ಲಾಸಿನ ಮುಚ್ಚಿದ ಪೆಟ್ಟಿಗೆಯೊಳಗೆ. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು, ಮೇಲೆ ಜನ ಕೂರುವ ಆಸನ. ಕೆಂಡದಂತೆ ಕಾದ ಕೊಳವೆಯನ್ನು ಅಲ್ಲಿ ಎಳೆದರೆ ದೋಣಿಗೇ ಬೆಂಕಿ ಬೀಳುತ್ತದೆ. ಸುತ್ತ ಬೇಕಾದಷ್ಟಿರುವುದು ನೀರು. ಅದನ್ನೇ ಕೆಲಸಕ್ಕೆ ಹಚ್ಚಿದರು.

ನೀರಿನ ಶಕ್ತಿ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 293 ಕಿಲೋಜೂಲ್ ಶಾಖ ಬೇಕು. ಅದೇ ನೀರು ಪೂರ್ತಿ ಹಬೆಯಾಗಲು ಇನ್ನೂ ಸುಮಾರು 2257 ಕಿಲೋಜೂಲ್, ಅಂದರೆ ಏಳೂವರೆ ಪಟ್ಟಿಗೂ ಹೆಚ್ಚು. ಹೊಗೆಯೊಳಗೆ ಸಿಂಪಡಿಸಿದ ನೀರಿನ ಒಂದಂಶ ಹಬೆಯಾಗುತ್ತಲೇ ಶಾಖವನ್ನು ಹೀರಿಬಿಡುತ್ತದೆ. ಕೆಲವೇ ಅಂಗುಲಗಳ ದಾರಿಯಲ್ಲಿ ಹೊಗೆ ಎಷ್ಟು ತಣ್ಣಗಾಗುತ್ತದೆಂದರೆ, ಅಲ್ಲಿಂದ ಮುಂದೆ ಅದನ್ನು ರಬ್ಬರ್ ಕೊಳವೆಯಲ್ಲೇ ಸಾಗಿಸಬಹುದು. ಜೊತೆಗೆ ಸದ್ದೂ ಅಡಗುತ್ತದೆ. ಒಂದು ಕಲ್ಲಿಗೆ ಎರಡು ಹಕ್ಕಿ.

ನೀರು ನಡೆಯುವ ದಾರಿ

ಜೆಟ್ ದೋಣಿಯ ವಿಶೇಷವೆಂದರೆ ಅನೇಕ ಮಾದರಿಗಳಲ್ಲಿ ತಂಪು ನೀರಿಗೆಂದು ಬೇರೆ ಪಂಪೇ ಇರುವುದಿಲ್ಲ. ದೋಣಿಯನ್ನು ತಳ್ಳುವ ಜೆಟ್ ಪಂಪಿನೊಳಗೆ, ಚಕ್ರದ ಹಿಂದೆ ಒತ್ತಡ ಹೆಚ್ಚಿರುವ ಜಾಗದಿಂದ ಒಂದು ಸಣ್ಣ ಕವಲು ತೆಗೆದು ನೀರನ್ನು ಎಂಜಿನ್ನಿನ ಕಡೆ ತಿರುಗಿಸಿರುತ್ತಾರೆ. ಕೆಲವು ದೋಣಿಗಳಲ್ಲಿ ಈ ಹೊಳೆಯ ಅಥವಾ ಕಡಲಿನ ನೀರೇ ಎಂಜಿನ್ನಿನೊಳಗೆ ಸುತ್ತುತ್ತದೆ. ಇನ್ನು ಕೆಲವುಗಳಲ್ಲಿ ಎಂಜಿನ್ನಿಗೆ ಕಾರಿನಂತೆ ತನ್ನದೇ ಮುಚ್ಚಿದ ಕೂಲಂಟ್ ಇರುತ್ತದೆ. ಆದರೆ ಅಲ್ಲಿಯೂ ಹೊಗೆಯನ್ನು ತಣಿಸುವುದು ಹೊರಗಿನ ನೀರೇ.

ಆ ನೀರು ಹೊಗೆಯ ಮ್ಯಾನಿಫೋಲ್ಡಿನ ಸುತ್ತ ಇರುವ ಇಮ್ಮಡಿ ಗೋಡೆಯ ನಡುವೆ ಹರಿಯುತ್ತದೆ. ಒಳಗಿನ ಕೊಳವೆಯಲ್ಲಿ ಹೊಗೆ, ಹೊರಗಿನ ಕವಚದಲ್ಲಿ ನೀರು. ಇಲ್ಲಿ ಎರಡೂ ಅಕ್ಕಪಕ್ಕ ಇದ್ದರೂ ನಡುವೆ ಲೋಹದ ಗೋಡೆಯಿದೆ. ಆಮೇಲೆ ಕೊಳವೆ ಮೇಲಕ್ಕೇರಿ ಕೊಕ್ಕರೆಯ ಕತ್ತಿನಂತೆ ಬಾಗಿ ಕೆಳಗಿಳಿಯುತ್ತದೆ. ಆ ಏರನ್ನು ದಾಟಿದ ಮೇಲೆ, ಇಳಿಜಾರಿನಲ್ಲಿ, ನೀರನ್ನು ಹೊಗೆಯೊಳಗೆ ಬಿಡುತ್ತಾರೆ. ಮುಂದೆ ನೀರುಪೆಟ್ಟಿಗೆಯಂಥ ಸೈಲೆನ್ಸರ್. ಅಲ್ಲಿ ಸ್ವಲ್ಪ ನೀರು ನಿಂತಿರುತ್ತದೆ. ಹೊಗೆಯ ಒತ್ತಡ ಅದನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ ಹೊರಗೆ ಎಸೆಯುತ್ತಲೇ ಇರುತ್ತದೆ.

ಮಿತ್ರರೇ, ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಆ ಕೊಕ್ಕರೆಕತ್ತಿನ ಏರಿನಿಂದ ಹೊರಗಡೆ ನೀರಿರಬೇಕು. ಏರಿನಿಂದ ಒಳಗಡೆ, ಹೊಗೆಯ ಬದಿಯಲ್ಲಿ, ಒಂದು ಹನಿಯೂ ಇರಬಾರದು. ನೀರು ಆ ಗಡಿ ದಾಟದಂತೆ ಕಾಯುವವರು ಇಬ್ಬರು. ಒಂದು, ಏರು. ಇನ್ನೊಂದು, ಹೊರಕ್ಕೆ ತಳ್ಳುತ್ತಿರುವ ಹೊಗೆಯ ಒತ್ತಡ. ಎಂಜಿನ್ ನಿಂತರೆ ಎರಡನೆಯ ಕಾವಲುಗಾರ ಮಲಗಿದಂತೆ. ನೀರಿನಿಂದ ಆಗುವ ಬಹುಪಾಲು ಅನಾಹುತಗಳ ಮೂಲ ಇಲ್ಲಿದೆ.

ಗಡಿ ದಾಟುವ ಬಗೆಗಳು

ಮೊದಲನೆಯದು ತೊಳೆಯುವಾಗ. ಕಡಲಿನಿಂದ ಬಂದ ಮೇಲೆ ಉಪ್ಪು ಹೋಗಲೆಂದು ಜೆಟ್ ಸ್ಕೀಗೆ ನಲ್ಲಿಯ ಪೈಪು ಜೋಡಿಸಿ ಸಿಹಿನೀರು ಹಾಯಿಸುತ್ತಾರೆ. ಎಂಜಿನ್ ನಿಂತಿರುವಾಗಲೇ ನಲ್ಲಿ ತಿರುಗಿಸಿದರೆ ನೀರು ಸೈಲೆನ್ಸರನ್ನು ತುಂಬುತ್ತದೆ. ತಳ್ಳಲು ಹೊಗೆಯಿಲ್ಲ. ನೀರು ಏರನ್ನೂ ದಾಟಿ, ತೆರೆದಿರುವ ಕವಾಟದ ಮೂಲಕ ಸಿಲಿಂಡರಿಗೆ ಇಳಿಯುತ್ತದೆ. ಆದ್ದರಿಂದ ಕ್ರಮ ಹೀಗೆ: ಶುರು ಮಾಡುವಾಗ ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ಲೈಟರ್ ಇಲ್ಲದ ಕಾಲದಲ್ಲಿ ಗ್ಯಾಸ್ ಒಲೆ ಹಚ್ಚುವಾಗ, ಮೊದಲು ಕಡ್ಡಿ ಗೀರು, ಆಮೇಲೆ ಕಿವಿ ತಿರುಗಿಸು ಎಂದು ಮನೆಯಲ್ಲಿ ಹೇಳುತ್ತಿದ್ದರಲ್ಲ, ಅಂಥದೇ ಶಿಸ್ತು ಇದು.

ಎರಡನೆಯದು ಎಳೆದುಕೊಂಡು ಬರುವಾಗ. ನಡುನೀರಿನಲ್ಲಿ ಕೆಟ್ಟು ನಿಂತ ಜೆಟ್ ದೋಣಿಗೆ ಹಗ್ಗ ಕಟ್ಟಿ ವೇಗವಾಗಿ ಎಳೆದರೆ, ಹೊಟ್ಟೆಯ ಕೆಳಗಿನ ಬಾಯಿಯಿಂದ ನೀರು ಪಂಪಿಗೆ ನುಗ್ಗಿ, ತಂಪು ನೀರಿನ ಕವಲಿನ ಮೂಲಕ ಹೊಗೆಕೊಳವೆಗೆ ಏರುತ್ತದೆ. ಎಂಜಿನ್ ನಿಂತಿದೆ, ಹೊರಗೆ ತಳ್ಳುವವರಿಲ್ಲ. ದಡ ಸೇರುವ ಹೊತ್ತಿಗೆ ಸಿಲಿಂಡರುಗಳು ತುಂಬಿರಬಹುದು. ಅದಕ್ಕೇ ಆ ಕವಲಿನ ರಬ್ಬರ್ ಕೊಳವೆಯನ್ನು ಕ್ಲಿಪ್ಪಿನಿಂದ ಬಿಗಿದು, ತೀರಾ ನಿಧಾನವಾಗಿ ಎಳೆಯಬೇಕು. ಉಪಕಾರ ಮಾಡಲು ಬಂದವರ ಆತುರವೇ ಎಷ್ಟೋ ಎಂಜಿನ್ನುಗಳಿಗೆ ಮುಳುವಾಗಿದೆ.

ಮೂರನೆಯದು ಮಗುಚಿದಾಗ. ಇದು ಬಾಡಿಗೆಗೆ ಜೆಟ್ ಸ್ಕೀ ಹತ್ತುವ ನಿಮಗೆ ನೇರವಾಗಿ ಬೇಕಾದ ಮಾತು. ಬೋರಲಾದ ಜೆಟ್ ಸ್ಕೀಯನ್ನು ಯಾವ ಕಡೆಗೆ ತಿರುಗಿಸಿ ನೇರ ಮಾಡಬೇಕೆಂದು ಅದರ ಹಿಂಭಾಗದಲ್ಲಿ ಬಾಣದ ಗುರುತಿನ ಚೀಟಿ ಅಂಟಿಸಿರುತ್ತಾರೆ. ಬೋರಲಾದಾಗಲೂ ಓದಲು ಬರುವಂತೆ ಅದನ್ನು ತಲೆಕೆಳಗಾಗಿ ಅಂಟಿಸಿರುವುದುಂಟು. ಆ ದಿಕ್ಕಿಗೇ ತಿರುಗಿಸಿದರೆ ಸೈಲೆನ್ಸರಿನಲ್ಲಿ ನಿಂತ ನೀರು ಎಂಜಿನ್ನಿನಿಂದ ದೂರ ಉಳಿಯುತ್ತದೆ. ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಅದು ಸೀದಾ ಎಂಜಿನ್ನಿಗೆ ಹರಿಯಬಹುದು. ಹತ್ತುವ ಮೊದಲೇ ಆ ಚೀಟಿಯನ್ನು ಓದಿಕೊಳ್ಳಿ. ಬಿದ್ದ ಮೇಲೆ ಹುಡುಕುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ನಾಲ್ಕನೆಯದು ವೇಗವಾಗಿ ಹೋಗುತ್ತಿದ್ದ ದೋಣಿಯನ್ನು ಗಕ್ಕನೆ ನಿಲ್ಲಿಸಿದಾಗ. ದೋಣಿ ನಿಂತರೂ ಅದರ ಹಿಂದೆಯೇ ಬರುತ್ತಿದ್ದ ಅಲೆ ನಿಲ್ಲುವುದಿಲ್ಲ. ಅದು ಬಂದು ಹಿಂಭಾಗಕ್ಕೆ ಅಪ್ಪಳಿಸಿ ಹೊಗೆಯ ಬಾಯಿಯಿಂದ ಒಳಗೆ ನುಗ್ಗುತ್ತದೆ. ಅನೇಕ ದೋಣಿಗಳ ಹೊಗೆಬಾಯಿಗೆ ರಬ್ಬರಿನ ಮುಚ್ಚಳ ತೂಗಿಬಿಟ್ಟಿರುವುದು ಇದಕ್ಕೇ.

ಐದನೆಯದು ತುಕ್ಕು. ಇದು ಸದ್ದಿಲ್ಲದ ಕಳ್ಳ. ಉಪ್ಪುನೀರು ಎರಕದ ಕಬ್ಬಿಣದ ಮ್ಯಾನಿಫೋಲ್ಡನ್ನು ಕವಚದ ಒಳಗಿನಿಂದಲೇ ತಿನ್ನುತ್ತದೆ. ಹೊರಗಿನ ಬಣ್ಣ ಹೊಸದರಂತಿರುತ್ತದೆ, ಒಳಗಿನ ಗೋಡೆ ಹಾಳೆಯಂತೆ ತೆಳುವಾಗಿರುತ್ತದೆ. ಒಂದು ದಿನ ಗೋಡೆಯೋ, ಜೋಡಣೆಯ ಗ್ಯಾಸ್ಕೆಟ್ಟೋ ತೂತು ಬಿದ್ದರೆ, ಎಂಜಿನ್ ನಿಲ್ಲಿಸಿದ ರಾತ್ರಿ ಹನಿ ಹನಿಯಾಗಿ ನೀರು ಸಿಲಿಂಡರಿಗೆ ಸೇರುತ್ತದೆ. ಉಪ್ಪುನೀರಿನಲ್ಲಿ ಓಡುವ ದೋಣಿಯ ಈ ಭಾಗಗಳನ್ನು ಕೆಡುವವರೆಗೆ ಕಾಯದೆ ಕೆಲವು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ ಬದಲಿಸುವುದು ಜಾಣತನ.

ಇನ್ನೊಂದು ಬಗೆ ಅಮೆರಿಕದ ಸರೋವರಗಳಲ್ಲಿ ದೊಡ್ಡ ವಿ-8 ಎಂಜಿನ್ ಹಾಕಿಕೊಂಡು ಓಡಿಸುವ ಜೆಟ್ ದೋಣಿಗಳವರಿಗೆ ಚೆನ್ನಾಗಿ ಗೊತ್ತು. ಪಂಪಿನ ಒತ್ತಡ ಅದು ತಿರುಗುವ ವೇಗದ ವರ್ಗದಷ್ಟು ಏರುತ್ತದೆ. ನಿಮಿಷಕ್ಕೆ 800 ಸುತ್ತಿನಿಂದ 4000 ಸುತ್ತಿಗೆ ಹೋದರೆ ವೇಗ ಐದು ಪಟ್ಟು, ಒತ್ತಡ 25 ಪಟ್ಟು. ವೇಗದಲ್ಲಿರುವಾಗ ಹೊಗೆಯೂ ರಭಸವಾಗಿರುವುದರಿಂದ ಹೆಚ್ಚು ನೀರನ್ನು ತಡೆದುಕೊಳ್ಳುತ್ತದೆ. ಆದರೆ ನಿಧಾನವಾಗಿ ನಡೆಯುವಾಗ ಹೊಗೆಯ ಉಸಿರು ಹಿಂದೆ ಮುಂದೆ ತುಯ್ದಾಡುತ್ತದೆ. ಹೆಚ್ಚು ಶಕ್ತಿಗೆಂದು ಕವಾಟಗಳನ್ನು ದೀರ್ಘಕಾಲ ತೆರೆದಿಡುವ ಕ್ಯಾಮ್‌ಶಾಫ್ಟ್ ಹಾಕಿದ್ದರೆ, ಹೊಗೆಯ ಜೊತೆ ನೀರಿನ ತುಂತುರನ್ನೂ ಸಿಲಿಂಡರ್ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದಕ್ಕಾಗಿ ನೀರನ್ನು ಬಿಡುವ ಜಾಗವನ್ನು ಇನ್ನೂ ದೂರ ಇಡುವುದು, ನಿಧಾನಗತಿಯಲ್ಲಿ ನೀರನ್ನು ಕಡಿಮೆ ಮಾಡುವ ಕವಾಟ ಹಾಕುವುದು, ಇವೆಲ್ಲ ಅವರ ಉಪಾಯ.

ಅರ್ಧ ಲೋಟ ನೀರು ಮಾಡುವ ಅನಾಹುತ

ಎಷ್ಟು ನೀರು ಹೋದರೆ ಕೆಡುಕು? ಉದಾಹರಣೆಗೆ 1500 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ತೆಗೆದುಕೊಳ್ಳಿ. ಒಂದು ಸಿಲಿಂಡರಿಗೆ 500 ಸಿಸಿ. ಅದು ಗಾಳಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ ಎಂದಿಟ್ಟುಕೊಂಡರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 55 ಸಿಸಿ. ಒಂದು ಸಣ್ಣ ಫಿಲ್ಟರ್ ಕಾಫಿ ಲೋಟದ ಅರ್ಧದಷ್ಟು! ಅದಕ್ಕಿಂತ ಹೆಚ್ಚು ನೀರಿದ್ದರೆ ಪಿಸ್ಟನ್ನಿಗೆ ಮೇಲೇರಲು ಜಾಗವೇ ಇಲ್ಲ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸ್ಟಾರ್ಟರ್ ಒತ್ತಿದರೆ ‘ಟಕ್’ ಎಂದು ನಿಲ್ಲುತ್ತದೆ. ಎಂಜಿನ್ ವೇಗವಾಗಿ ಓಡುತ್ತಿರುವಾಗಲೇ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಮುರಿಯಲೂಬಹುದು.

ಹಾಗೆ ‘ಟಕ್’ ಎಂದಾಗ ಮಾಡಬಾರದ ಕೆಲಸ ಒಂದೇ: ಮತ್ತೆ ಮತ್ತೆ ಸ್ಟಾರ್ಟರ್ ಒತ್ತುವುದು. ಮೆಕ್ಯಾನಿಕ್ ಮಾಡುವುದು ಹೀಗೆ. ಕಿಡಿ ಹಾರದಂತೆ ಇಗ್ನಿಷನ್ ಬಿಡಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ, ಎಂಜಿನ್ನನ್ನು ತಿರುಗಿಸುತ್ತಾನೆ. ನೀರು ಆ ತೂತುಗಳಿಂದ ಚಿಮ್ಮಿ ಹೊರಬರುತ್ತದೆ. ಯಾವ ಪ್ಲಗ್ ಒದ್ದೆಯೆಂದು ನೋಡಿಕೊಳ್ಳುತ್ತಾನೆ. ಒಂದೇ ಸಿಲಿಂಡರ್ ಒದ್ದೆಯಾಗಿದ್ದರೆ ಅನುಮಾನ ಆ ಬದಿಯ ಗ್ಯಾಸ್ಕೆಟ್ ಅಥವಾ ಮ್ಯಾನಿಫೋಲ್ಡಿನ ಮೇಲೆ. ಎಲ್ಲವೂ ಒದ್ದೆಯಾಗಿದ್ದರೆ ನೀರು ಹೊಗೆಯ ದಾರಿಯಲ್ಲೇ ಹಿಂದಕ್ಕೆ ಬಂದಿರುವ ಸಂಭವ ಹೆಚ್ಚು. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಬೆರೆತಿದೆ, ಪೂರ್ತಿ ಬದಲಿಸಬೇಕು. ಆಮೇಲೆ ಎಂಜಿನ್ನನ್ನು ಅದೇ ದಿನ ಓಡಿಸಿ ಒಣಗಿಸಬೇಕು. ಉಪ್ಪುನೀರನ್ನು ರಾತ್ರಿಯಿಡೀ ಒಳಗೆ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು ತನ್ನ ಕೆಲಸ ಶುರು ಮಾಡಿರುತ್ತದೆ.

ಈ ಮಾತು ದೋಣಿಗೆ ಮಾತ್ರವಲ್ಲ. ಮಳೆನೀರಿನಲ್ಲಿ ಕಾರು ನಿಂತರೂ ಇದೇ ನಿಯಮ. ಕೀಲಿ ತಿರುಗಿಸಬೇಡಿ, ತಳ್ಳಿಸಿ. ಹಟ ಹಿಡಿದು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಮುರಿದರೆ ಸಾಮಾನ್ಯ ವಿಮೆ ಅದಕ್ಕೆ ಹಣ ಕೊಡುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಬೇರೆಯಾಗಿ ಮಾರುವುದು ಅದಕ್ಕೇ.

ನೀರು ತೊಳೆಯಲಾಗದ ವಿಷ

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದದ್ದು. ಎಂಜಿನ್ ಮುರಿದರೆ ಹಣ ಹೋಗುತ್ತದೆ. ಇಲ್ಲಿ ಹೋಗುವುದು ಜೀವ.

ನೀರು ಬೆರೆತ ಹೊಗೆ ತಣ್ಣಗಿರುತ್ತದೆ, ಬೆಳ್ಳಗೆ ಮಂಜಿನಂತೆ ಕಾಣುತ್ತದೆ, ಕಣ್ಣು ಮೂಗು ಅಷ್ಟಾಗಿ ಉರಿಯುವುದಿಲ್ಲ. ಹೀಗಾಗಿ ಅದು ನಿರಪಾಯ ಎನ್ನಿಸುತ್ತದೆ. ಆದರೆ ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಬಿಡುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಕು. ಅದನ್ನು ಬಿಸಿಲಿನ ಬಳಲಿಕೆ, ದೋಣಿಯ ಓಲಾಟ ಎಂದುಕೊಳ್ಳುವುದು ಸುಲಭ. ಆಮೇಲೆ ಎಚ್ಚರ ತಪ್ಪುತ್ತದೆ. ನೀರಿನಲ್ಲಿರುವವನಿಗೆ ಎಚ್ಚರ ತಪ್ಪಿದರೆ ಮುಂದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

2000ರ ಆಗಸ್ಟ್‌ನಲ್ಲಿ ಅಮೆರಿಕದ ಲೇಕ್ ಪೊವೆಲ್ ಎಂಬ ಸರೋವರದಲ್ಲಿ ಇಬ್ಬರು ಬಾಲಕರು, ಒಡಹುಟ್ಟಿದವರು, ಹೌಸ್‌ಬೋಟಿನ ಹಿಂಭಾಗದ ಹಲಗೆಯ ಬಳಿ ಈಜುತ್ತ ಪ್ರಾಣ ಕಳೆದುಕೊಂಡರು. ಜನರೇಟರಿನ ಹೊಗೆ ಆ ಹಲಗೆಯ ಕೆಳಗೆ ಸೇರಿಕೊಂಡಿತ್ತು. ಮುಳುಗಿದ ಸಾವು ಎಂದು ಮೇಲುನೋಟಕ್ಕೆ ಕಂಡ ಇಂಥ ಅನೇಕ ಪ್ರಕರಣಗಳ ಹಿಂದೆ ಈ ಅನಿಲವಿತ್ತೆಂಬುದು ಆ ಘಟನೆಯ ನಂತರ ನಡೆದ ತನಿಖೆಗಳಿಂದ ತಿಳಿದುಬಂತು. ಚಲಿಸುವ ದೋಣಿಯ ಹಿಂದಿನ ಹಲಗೆಗೆ ಜೋತುಬಿದ್ದು ತೇಲುವ ಆಟವನ್ನು ಕ್ಯಾಲಿಫೋರ್ನಿಯಾ ರಾಜ್ಯ 2005ರಿಂದ ಕಾನೂನಿನ ಮೂಲಕವೇ ನಿಷೇಧಿಸಿತು.

ಆದ್ದರಿಂದ ಕೇರಳದ ಹೌಸ್‌ಬೋಟಿರಲಿ, ಗೋವಾದ ಮೋಟಾರು ದೋಣಿಯಿರಲಿ, ಎಂಜಿನ್ನೋ ಜನರೇಟರೋ ನಡೆಯುತ್ತಿರುವಾಗ ಹಿಂಭಾಗದಲ್ಲಿ ಈಜಬೇಡಿ, ಕೂರಬೇಡಿ. ಜೊತೆಗಿದ್ದವರಿಗೆ ತಲೆನೋವು ವಾಕರಿಕೆ ಎಂದರೆ ಎಂಜಿನ್ ನಿಲ್ಲಿಸಿ, ಅವರನ್ನು ಶುದ್ಧ ಗಾಳಿಗೆ ಕರೆತಂದು ವೈದ್ಯರ ಬಳಿ ಒಯ್ಯಿರಿ. ಹೊಗೆಯ ಬಾಯಿಯಿಂದ ಸದಾ ಬರುತ್ತಿದ್ದ ನೀರು ನಿಂತಿದ್ದು ಕಂಡರೆ ದೋಣಿ ನಡೆಸುವವರಿಗೆ ಕೂಡಲೇ ಹೇಳಿ. ಪಂಪಿನ ಬಾಯಿಗೆ ಪಾಚಿಯೋ ಪ್ಲಾಸ್ಟಿಕ್ ಚೀಲವೋ ಸಿಕ್ಕಿಕೊಂಡಿರಬಹುದು. ತಂಪು ನೀರಿಲ್ಲದೆ ರಬ್ಬರ್ ಕೊಳವೆ ಸುಟ್ಟು, ಆ ವಿಷದ ಹೊಗೆ ದೋಣಿಯೊಳಗೇ ತುಂಬಲು ಹೆಚ್ಚು ಹೊತ್ತು ಬೇಕಾಗಿಲ್ಲ. ಚಿಕ್ಕವರು ಹೇಳಿದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ.

ನೀರು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಎಲ್ಲಿರಬೇಕೋ ಅಲ್ಲಿದ್ದರೆ ಎಂಜಿನ್ನನ್ನು ಕಾಯುತ್ತದೆ, ಒಂದು ಏರು ದಾಟಿ ಒಳಬಂದರೆ ಅದನ್ನೇ ಮುರಿಯುತ್ತದೆ. ಯಾವ ಯಂತ್ರವನ್ನು ಕಂಡರೂ ‘ಇದು ಹೇಗೆ ಓಡುತ್ತದೆ’ ಎಂದಷ್ಟೇ ಕೇಳದೆ, ‘ಇದು ಹೇಗೆ ಕೆಡುತ್ತದೆ’ ಎಂದೂ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿರುವವನ ಕೈಯಲ್ಲಿ ಯಂತ್ರ ಹೆಚ್ಚು ಕಾಲ ಬಾಳುತ್ತದೆ, ಅವನ ಜೊತೆ ಹೋದವರು ಕ್ಷೇಮವಾಗಿ ಮನೆಗೆ ಮರಳುತ್ತಾರೆ.

ಕನ್ನಡ ಓದಲು ಇನ್ನೂ ತಡವರಿಸುವವರು ಈ ಪುಟವನ್ನು ಮನೆಯಲ್ಲಿ ಅಪ್ಪ ಅಮ್ಮನ ಎದುರು ಗಟ್ಟಿಯಾಗಿ ಓದಿ. ‘ಮ್ಯಾನಿಫೋಲ್ಡ್’ ಎಂದರೇನೆಂದು ಅವರು ಕೇಳಿದರೆ, ಕನ್ನಡದಲ್ಲೇ ವಿವರಿಸಿ ಹೇಳುವ ಸರದಿ ನಿಮ್ಮದು.